ಮಲ್ಲವೀರ ಖಾಶಾಬಾ ಜಾಧವ್

ನಮ್ಮ ಶರಣರು ಮೈಯನ್ನು ಹಳಿಯಲಿಲ್ಲ. ಶಿವನು ನೆಲೆಸತಕ್ಕ ಮನೆಯೆಂದು ಬಗೆದು ಅದನ್ನು ಕಾಯಕದಿಂದ ಶುಚಿಗೊಳಿಸಿದರು. ಗರಡಿಯ ಕೆಮ್ಮಣ್ಣಿನಲ್ಲಿ ಮೈದಣಿಸುವವನ ಸಾಧನೆಯೂ ಧನಾಶೆಯಿಲ್ಲದಿದ್ದರೆ ಕಾಯಕವೇ ಸರಿ. ಇದಕ್ಕೆ ನಿದರ್ಶನವಾಗಿ, ನಮ್ಮ ಬೆಳಗಾವಿ ಸೀಮೆಗೆ ನೆರೆಯಾದ ಕೊಲ್ಲಾಪುರದಲ್ಲಿ ಪಳಗಿದ ಖಾಶಾಬಾ ದಾದಾಸಾಹೇಬ ಜಾಧವ್ ಅವರ ಚರಿತ್ರೆಯನ್ನು ಸದ್ಭಕ್ತರ ಮುಂದಿಡುತ್ತೇವೆ. ಇವರು ಮರಾಠಿಗರು, ಆದರೆ ಸದ್ಗುಣಕ್ಕೆ ಭಾಷೆಯ ಎಲ್ಲೆಯುಂಟೆ?

ಸಾತಾರಾ ಜಿಲ್ಲೆಯ ಕರಾಡದ ಬಳಿ ಗೋಳೇಶ್ವರವೆಂಬುದೊಂದು ಹಳ್ಳಿ. ಅಲ್ಲಿ 1926ನೆಯ ಜನವರಿ 15ರಂದು ಇವರ ಜನನವಾಯಿತು. ತಂದೆಯವರೇ ಜಟ್ಟಿಗಳು, ಐವರು ಗಂಡುಮಕ್ಕಳಲ್ಲಿ ಇವರೇ ಕಿರಿಯರು. ಹೀಗಾಗಿ ಮಲ್ಲವಿದ್ಯೆಯು ಮನೆಯಲ್ಲಿಯೇ ಲಭಿಸಿತು. ಕರಾಡದಲ್ಲಿ ಓದು ಮುಗಿಸಿ ಕೊಲ್ಲಾಪುರದ ರಾಜಾರಾಮ ಕಾಲೇಜನ್ನು ಸೇರಿದರು. ಶಾಹು ಮಹಾರಾಜರ ಆಶ್ರಯದಿಂದ ಆ ನಗರವು ಕುಸ್ತಿಯ ತವರೆನಿಸಿತ್ತು. ಗಾತ್ರದಲ್ಲಿ ಚಿಕ್ಕವರಾದರೂ ಜಾಧವರು ಚುರುಕಿನಲ್ಲಿಯೂ ಪಟ್ಟುಗಳ ಜಾಣ್ಮೆಯಲ್ಲಿಯೂ ಮಿಗಿಲಾಗಿದ್ದರು.

1948ರಲ್ಲಿ ಕೊಲ್ಲಾಪುರದ ಮಹಾರಾಜರ ಧನಸಹಾಯದಿಂದ ಲಂಡನ್ ಒಲಿಂಪಿಕ್ಸಿಗೆ ತೆರಳಿದರು. ಮಣ್ಣಿನಲ್ಲಿ ಕಲಿತವರಿಗೆ ಮ್ಯಾಟ್ ಎಂಬ ಮೆತ್ತೆಯ ಮೇಲಿನ ಕುಸ್ತಿಯೂ ಅದರ ನಿಯಮಗಳೂ ಹೊಸವು. ಆದರೂ 52 ಕಿಲೋ ತೂಕದ ವಿಭಾಗದಲ್ಲಿ ಆರನೆಯ ಸ್ಥಾನವನ್ನು ಗಳಿಸಿದರು. ಅದರಿಂದ ತೃಪ್ತರಾಗದೆ, ಮರಳಿ ಬಂದು ನಾಲ್ಕು ವರ್ಷ ಕಠಿನ ಸಾಧನೆ ಕೈಕೊಂಡರು.

1952ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಗೆ ಹೋಗಬೇಕಾದಾಗ ಪ್ರಯಾಣದ ವೆಚ್ಚಕ್ಕೆ ಹಣವಿರಲಿಲ್ಲ. ಹಳ್ಳಿಯ ಜನರು ತಮ್ಮ ಕೈಲಾದುದನ್ನು ಕೂಡಿಸಿದರು. ರಾಜಾರಾಮ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೇಕರರಂತೂ ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿಗಳನ್ನು ಒದಗಿಸಿದರು. ಶಿಷ್ಯನ ಏಳಿಗೆಗಾಗಿ ತಮ್ಮ ಸೂರನ್ನೇ ಪಣವಾಗಿಟ್ಟ ಗುರುಗಳು ಎಷ್ಟು ಮಂದಿ?

ಹೆಲ್ಸಿಂಕಿಯಲ್ಲಿ 57 ಕಿಲೋ ವಿಭಾಗದಲ್ಲಿ ಸೆಣಸಿದ ಜಾಧವರು ಕೆನಡಾ, ಮೆಕ್ಸಿಕೊ ಮೊದಲಾದ ದೇಶಗಳ ಮಲ್ಲರನ್ನು ಸೋಲಿಸಿದರು. ಸೋವಿಯತ್ ದೇಶದ ಮಾಮೆದ್‌ಬೆಕೋವ್ ಮತ್ತು ಜಪಾನಿನ ಇಶಿಯಿ ಇವರಿಗೆ ಮಾತ್ರ ಸೋತು ಕಂಚಿನ ಪದಕವನ್ನು ಪಡೆದರು. ಇಶಿಯಿಗೆ ಚಿನ್ನವೂ ಮಾಮೆದ್‌ಬೆಕೋವರಿಗೆ ಬೆಳ್ಳಿಯೂ ಸಂದವು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನಲ್ಲಿ ದೊರೆತ ಮೊದಲನೆಯ ವೈಯಕ್ತಿಕ ಪದಕವಿದು. ಎರಡನೆಯದಕ್ಕೆ ದೇಶವು 1996ರವರೆಗೆ, ಎಂದರೆ 44 ವರ್ಷ, ಕಾಯಬೇಕಾಯಿತು.

ಊರಿಗೆ ಮರಳಿದಾಗ ನೂರಕ್ಕೂ ಮಿಕ್ಕ ಎತ್ತಿನ ಬಂಡಿಗಳ ಮೆರವಣಿಗೆ ನಡೆಯಿತು. ಆದರೆ ಜಾಧವರ ಮನಸ್ಸು ಮೆರವಣಿಗೆಯಲ್ಲಿರಲಿಲ್ಲ, ಋಣದಲ್ಲಿತ್ತು. ಕುಸ್ತಿಗಳನ್ನು ಏರ್ಪಡಿಸಿ, ಬಂದ ಹಣದಿಂದ ಗುರುಗಳ ಸಾಲವನ್ನು ತೀರಿಸಿದರು. ಪದಕಕ್ಕಿಂತಲೂ ದೊಡ್ಡ ಗೆಲವು ಇದೇ ಎಂದು ನಮಗೆ ತೋರುತ್ತದೆ.

1955ರಲ್ಲಿ ಪೋಲೀಸು ಇಲಾಖೆಯಲ್ಲಿ ಸಬ್ ಇನ್ಸ್ಪೆಕ್ಟರಾಗಿ ಸೇರಿ, ಸುಮಾರು 27 ವರ್ಷ ಸೇವೆ ಸಲ್ಲಿಸಿ, ಅಸಿಸ್ಟೆಂಟ್ ಕಮಿಷನರ್ ಪದವಿಯಿಂದ ನಿವೃತ್ತರಾದರು. ನಿವೃತ್ತಿವೇತನಕ್ಕೂ ಪರದಾಡಬೇಕಾಯಿತು. 1984ನೆಯ ಆಗಸ್ಟ್ 14ರಂದು ರಸ್ತೆಯ ಅಪಘಾತದಲ್ಲಿ ದೈವಾಧೀನರಾದರು. ಅರ್ಜುನ ಪ್ರಶಸ್ತಿಯು ಸಂದದ್ದು ಮರಣಾನಂತರ. 2010ರಲ್ಲಿ ದೆಹಲಿಯ ಕುಸ್ತಿ ಅಂಗಣಕ್ಕೆ ಇವರ ಹೆಸರನ್ನಿಟ್ಟರು.

ಲೋಕವು ಮಾನ್ಯರನ್ನು ಗುರುತಿಸಲು ತಡಮಾಡುವುದುಂಟು. ಅದರಿಂದ ಸಾಧಕನ ಕಾಯಕಕ್ಕೆ ಕುಂದಿಲ್ಲ. ಗುರುವು ಶಿಷ್ಯನಿಗಾಗಿ ಮನೆಯನ್ನು ಒತ್ತೆಯಿಟ್ಟುದು ದಾಸೋಹ. ಶಿಷ್ಯನು ಬೆವರು ಸುರಿಸಿ ಅದನ್ನು ಬಿಡಿಸಿದುದು ಗುರುಸೇವೆ. ಈ ಆರ್‌ಪಿಸಿ ಲೇಔಟಿನ ನಮ್ಮ ಮಕ್ಕಳು ಗರಡಿಗೆ ಹೋಗಲಿ, ಶಾಲೆಗೆ ಹೋಗಲಿ, ಈ ಎರಡನ್ನೂ ನೆನಪಿನಲ್ಲಿಡಲೆಂದು ಶ್ರೀಗುರುವಿನ ಸನ್ನಿಧಿಯಲ್ಲಿ ಪ್ರಾರ್ಥಿಸುತ್ತೇವೆ.