ಮನೆಯೊಳಗೇ ಬೆಳೆದ ಮಹಾಕವಯಿತ್ರಿ: ಎಮಿಲಿ ಡಿಕಿನ್ಸನ್

ಕವಿಯ ಕೀರ್ತಿ ಆತನ ಜೀವಿತಕಾಲದಲ್ಲಿಯೇ ಹಬ್ಬಬೇಕೆಂಬ ನಿಯಮವೇನೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಲಾಂಗ್‌ಫೆಲೋ ಬದುಕಿದ್ದಾಗಲೇ ಮನೆಮಾತಾಗಿದ್ದನು. ಎಮರ್ಸನ್ ಊರೂರಿಗೆ ತೆರಳಿ ಉಪನ್ಯಾಸ ನೀಡುತ್ತಿದ್ದನು. ವಾಲ್ಟ್ ವ್ಹಿಟ್ಮನ್ 1855ರಲ್ಲಿ ತನ್ನ ಕವನಸಂಕಲನವನ್ನು ಸ್ವಂತ ಖರ್ಚಿನಿಂದಲೇ ಅಚ್ಚು ಹಾಕಿಸಿದನು. ಅದೇ ನಾಡಿನಲ್ಲಿ, ಅದೇ ಕಾಲದಲ್ಲಿ, ಹದಿನೆಂಟುನೂರಕ್ಕೆ ಸಮೀಪದಷ್ಟು ಕವಿತೆಗಳನ್ನು ಬರೆದು, ಅವುಗಳಲ್ಲಿ ಸುಮಾರು ಹತ್ತು ಮಾತ್ರ, ಅವೂ ಹೆಸರಿಲ್ಲದೆ ಅಚ್ಚಾದುದನ್ನು ಕಂಡು ಕಣ್ಮುಚ್ಚಿದವಳು ಎಮಿಲಿ ಡಿಕಿನ್ಸನ್.

ಪದವಿಪೂರ್ವ ತರಗತಿಯ ವಿದ್ಯಾರ್ಥಿನಿಯಾದ ನಾನು ಈಕೆಯ ಕವಿತೆಗಳನ್ನು ಮೊದಲು ಓದಿದಾಗ ಮೆಚ್ಚಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಗ್ರಂಥಾಲಯದ ಇಂಗ್ಲಿಷ್ ಕವನಸಂಗ್ರಹವೊಂದರಲ್ಲಿ ಲಾಂಗ್‌ಫೆಲೋವಿನ ಪದ್ಯಗಳು ತಾಳಕ್ಕೆ ತಕ್ಕಂತೆ ಸಾಗಿದುವು. ವ್ಹಿಟ್ಮನ್ನನ ದೀರ್ಘ ಪಂಕ್ತಿಗಳು ತುಂಬಿದ ಹೊಳೆಯಂತೆ ನನ್ನನ್ನು ಸೆಳೆದುವು. ಎಮಿಲಿಯ ಕವಿತೆಗಳಾದರೋ ಅಂಗೈಯಗಲದವು. ಸಾಲುಗಳ ನಡುನಡುವೆ ಅಡ್ಡಗೆರೆಗಳು, ಅರ್ಧಕ್ಕೇ ನಿಂತಂತಿರುವ ಪ್ರಾಸ. ನಾನು ಹೀಗೆ ಬರೆದಿದ್ದರೆ ಗುರುಗಳ ಕೆಂಪು ಶಾಯಿ ಸುಮ್ಮನಿರುತ್ತಿತ್ತೇ ಎಂದುಕೊಂಡೆನು. ಆಕೆಯ ಬಾಳಿನ ಕಥೆಯನ್ನು ತಿಳಿದ ಮೇಲೆ ನನ್ನ ಈ ಅಭಿಪ್ರಾಯ ಉಳಿಯಲಿಲ್ಲ. ಆ ಕಥೆಯನ್ನೇ ಇಲ್ಲಿ ನನಗೆ ತಿಳಿದಮಟ್ಟಿಗೆ ನಿರೂಪಿಸುತ್ತೇನೆ.

ಎಮಿಲಿ 1830ರ ಡಿಸೆಂಬರ್ 10ರಂದು ಮೆಸಾಚುಸೆಟ್ಸ್ ಸಂಸ್ಥಾನದ ಆಮ್ಹರ್ಸ್ಟ್ ಎಂಬ ಊರಿನಲ್ಲಿ ಜನಿಸಿದಳು. ತಂದೆ ಎಡ್ವರ್ಡ್ ಡಿಕಿನ್ಸನ್ ವಕೀಲನು, ಊರಿನ ಕಾಲೇಜಿನ ಖಜಾಂಚಿ, ಒಂದು ಅವಧಿಗೆ ಅಮೆರಿಕದ ಕಾಂಗ್ರೆಸ್ಸಿನ ಸದಸ್ಯನೂ ಆಗಿದ್ದವನು. ಅಣ್ಣ ಆಸ್ಟಿನ್, ತಂಗಿ ಲವಿನಿಯಾ. ಊರಿನ ಅಕಾಡೆಮಿಯಲ್ಲಿ ವ್ಯಾಸಂಗ ಮಾಡುವಾಗ ಬಾಲಿಕೆ ಎಮಿಲಿಗೆ ಸಸ್ಯಶಾಸ್ತ್ರದಲ್ಲಿ ವಿಶೇಷ ಆಸಕ್ತಿ ಹುಟ್ಟಿತು. ಹೂಗಿಡಗಳ ನಾನೂರಕ್ಕೂ ಹೆಚ್ಚು ಮಾದರಿಗಳನ್ನು ಒಣಗಿಸಿ, ಹಾಳೆಗಳಿಗೆ ಅಂಟಿಸಿ, ಹೆಸರು ಬರೆದು ಸಂಗ್ರಹಿಸಿದಳು. ಆ ಸಂಗ್ರಹ ಇಂದಿಗೂ ಉಳಿದಿದೆ. ಕಣ್ಣೆದುರಿನ ಪುಟ್ಟ ವಸ್ತುವನ್ನು ನಿಟ್ಟಿಸಿ ನೋಡುವ ಅಭ್ಯಾಸ ಆಕೆಗೆ ಅಲ್ಲಿಂದಲೇ ಬಂದಿತೆಂದು ನನಗೆ ತೋರುತ್ತದೆ.

1847ರಲ್ಲಿ ಆಕೆ ಮೌಂಟ್ ಹೋಲಿಯೋಕ್ ವಿದ್ಯಾಲಯವನ್ನು ಸೇರಿದಳು. ಅಲ್ಲಿ ವಿದ್ಯಾರ್ಥಿನಿಯರು ತಮ್ಮ ಧರ್ಮಶ್ರದ್ಧೆಯನ್ನು ಬಹಿರಂಗವಾಗಿ ಸಾರಬೇಕೆಂಬ ಒತ್ತಾಯ ಬಲವಾಗಿತ್ತು. ಶ್ರದ್ಧೆಯ ಮಟ್ಟಕ್ಕೆ ತಕ್ಕಂತೆ ಅವರನ್ನು ವರ್ಗಗಳಾಗಿ ವಿಂಗಡಿಸುತ್ತಿದ್ದರು. ತನ್ನ ಅಂತರಂಗದಲ್ಲಿ ನಿಶ್ಚಯವಾಗದ ಮಾತನ್ನು ನಾಲಗೆಯಿಂದ ಆಡಲು ಎಮಿಲಿ ಒಪ್ಪದೆ, ಭರವಸೆಯಿಲ್ಲದವರ ವರ್ಗದಲ್ಲಿಯೇ ಉಳಿದಳು. ಹದಿನೇಳರ ಹರೆಯದ ಹುಡುಗಿಗೆ ಇದು ಸಾಮಾನ್ಯ ಧೈರ್ಯವಲ್ಲ. ಒಂದು ವರ್ಷದೊಳಗಾಗಿ ಆಕೆ ಮನೆಗೆ ಮರಳಿದಳು.

ಆಮೇಲಿನ ಬದುಕು ಬಹುತೇಕ ಆ ಮನೆ, ಆ ತೋಟಗಳಲ್ಲಿಯೇ ಕಳೆಯಿತು. ಅಡುಗೆಮನೆಯ ಕೆಲಸವನ್ನು ಆಕೆ ಕೀಳೆಂದು ಬಗೆಯಲಿಲ್ಲ. 1856ರಲ್ಲಿ ಊರಿನ ಪ್ರದರ್ಶನದಲ್ಲಿ ಆಕೆ ಮಾಡಿದ ಬ್ರೆಡ್ಡಿಗೆ ಎರಡನೆಯ ಬಹುಮಾನ ದೊರೆಯಿತು. ಆದರೆ ಅದೇ ಕೈ ಕವಿತೆಗಳನ್ನೂ ಬರೆಯುತ್ತಿತ್ತೆಂಬುದನ್ನು ಬಲ್ಲವರು ಕೆಲವರೇ. 1858ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಆಕೆ ತನ್ನ ಕವಿತೆಗಳನ್ನು ಅಂದವಾಗಿ ನಕಲು ಮಾಡಿ, ಹಾಳೆಗಳನ್ನು ಸೂಜಿದಾರದಿಂದ ಹೊಲಿದು, ನಲವತ್ತು ಕಿರುಹೊತ್ತಗೆಗಳನ್ನು ತಯಾರಿಸಿದಳು.

1862ರ ಏಪ್ರಿಲಿನಲ್ಲಿ, ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ, ಥಾಮಸ್ ಹಿಗ್ಗಿನ್ಸನ್ ಎಂಬ ಲೇಖಕನು ತರುಣ ಬರಹಗಾರರಿಗೆ ಹಿತವಚನ ಹೇಳುವ ಲೇಖನವೊಂದನ್ನು ಪ್ರಕಟಿಸಿದನು. ಎಮಿಲಿ ಆತನಿಗೆ ನಾಲ್ಕು ಕವಿತೆಗಳನ್ನು ಕಳುಹಿಸಿ, ಅವುಗಳಲ್ಲಿ ಜೀವವಿದೆಯೇ ಎಂದು ವಿಚಾರಿಸಿದಳು. ಆತನು ಸಜ್ಜನ, ಆದರೆ ಆ ಹೊಸ ಧಾಟಿ ಆತನಿಗೆ ಅಂಕೆಮೀರಿದುದಾಗಿ ಕಂಡಿತು, ಪ್ರಕಟಣೆಗೆ ಆತುರಪಡದಿರುವುದು ಲೇಸೆಂದು ಸೂಚಿಸಿದನು. ಎಮಿಲಿ ಸಿಟ್ಟಾಗಲಿಲ್ಲ, ಆತನನ್ನು ಗುರುವೆಂದೇ ಸಂಬೋಧಿಸಿ ಬಾಳಿನುದ್ದಕ್ಕೂ ಪತ್ರ ಬರೆದಳು. ಆದರೆ ತನ್ನ ಧಾಟಿಯನ್ನು ಮಾತ್ರ ಬದಲಿಸಲಿಲ್ಲ.

1866ರಲ್ಲಿ ಹಾವನ್ನು ಕುರಿತ ಆಕೆಯ ಕವಿತೆಯೊಂದನ್ನು ಪತ್ರಿಕೆಯೊಂದು ಪ್ರಕಟಿಸಿತು. ಆಕೆ ಇಡದಿದ್ದ ಶೀರ್ಷಿಕೆಯನ್ನು ಇಟ್ಟಿತು. ಮೂರನೆಯ ಸಾಲಿನಲ್ಲಿ ಚಿಹ್ನೆಯನ್ನು ಬದಲಿಸಿ ಅರ್ಥದ ಓಟವನ್ನು ತಡೆಯಿತು. ಎಮಿಲಿ ಇದನ್ನು ಹಿಗ್ಗಿನ್ಸನ್ನನಲ್ಲಿ ತೋಡಿಕೊಂಡಳು. ಒಂದು ಚಿಹ್ನೆಗಾಗಿ ಇಷ್ಟು ನೋವೇಕೆ ಎಂದು ಕೇಳಬಹುದು. ಆಕೆಗೆ ಆ ಗೆರೆಗಳು ಅಲಂಕಾರವಾಗಿರಲಿಲ್ಲ, ಉಸಿರಾಗಿದ್ದುವು. 1878ರಲ್ಲಿ ಗೆಳತಿಯೊಬ್ಬಳ ಒತ್ತಾಯದಿಂದ ಇನ್ನೊಂದು ಕವಿತೆ ಹೆಸರಿಲ್ಲದೆ ಅಚ್ಚಾಯಿತು. ಅದನ್ನು ಎಮರ್ಸನ್ನನೇ ಬರೆದಿರಬೇಕೆಂದು ಕೆಲವರು ಊಹಿಸಿದರು!

ಎಮಿಲಿ ಜಗತ್ತನ್ನು ತೊರೆದವಳೆಂದು ಹೇಳುವ ವಾಡಿಕೆಯುಂಟು. ಇದು ಅರ್ಧಸತ್ಯ. ನೆಂಟರಿಷ್ಟರಿಗೆ ಆಕೆ ಬರೆದ ಪತ್ರಗಳಲ್ಲಿ ಸಾವಿರಕ್ಕೂ ಹೆಚ್ಚು ಉಳಿದಿವೆ. 1875ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ತಾಯಿಯ ಶುಶ್ರೂಷೆಯನ್ನು ಏಳು ವರ್ಷಗಳ ಕಾಲ ತಂಗಿಯೊಡನೆ ನಡೆಸಿದಳು. 1886ರ ಮೇ 15ರಂದು ಆಕೆ ತೀರಿಕೊಂಡಾಗ, ಆಕೆಯ ಇಚ್ಛೆಯಂತೆ, ಮನೆಯಲ್ಲಿ ದುಡಿಯುತ್ತಿದ್ದ ಐರಿಷ್ ಕೆಲಸಗಾರರೇ ಶವಪೆಟ್ಟಿಗೆಯನ್ನು ಹೊತ್ತು ಹೊಲದ ಹಾದಿಯಲ್ಲಿ ಸಾಗಿಸಿದರು.

ಅಕ್ಕನ ಕೋಣೆಯಲ್ಲಿ ಲವಿನಿಯಾಳಿಗೆ ಆ ಹೊಲಿದ ಹೊತ್ತಗೆಗಳು ದೊರೆತುವು. ಅಕ್ಕನಿಗೆ ಬಂದ ಪತ್ರಗಳನ್ನು ಆಕೆಯ ಅಪೇಕ್ಷೆಯಂತೆ ಸುಟ್ಟಿದ್ದ ತಂಗಿ, ಕವಿತೆಗಳನ್ನು ಸುಡಲಿಲ್ಲ. ಅಚ್ಚು ಮಾಡಿಸಲು ಪಣತೊಟ್ಟಳು. ಮೇಬಲ್ ಲೂಮಿಸ್ ಟಾಡ್ ಮತ್ತು ಅದೇ ಹಿಗ್ಗಿನ್ಸನ್ 1890ರಲ್ಲಿ ಮೊದಲ ಸಂಪುಟವನ್ನು ಹೊರತಂದರು. ಜನರು ಆದರದಿಂದ ಕೊಂಡು ಓದಿದರು. ಆದರೆ ಸಂಪಾದಕರು ಪ್ರಾಸವನ್ನು ತಿದ್ದಿದ್ದರು, ಗೆರೆಗಳನ್ನು ಅಳಿಸಿದ್ದರು, ಶೀರ್ಷಿಕೆಗಳನ್ನು ಸೇರಿಸಿದ್ದರು. ಕವಿತೆಗಳೆಲ್ಲವೂ ಕವಯಿತ್ರಿಯ ಕೈಬರಹಕ್ಕೆ ಹೊಂದುವಂತೆ ಒಟ್ಟಾಗಿ ಬೆಳಕು ಕಂಡುದು ಥಾಮಸ್ ಜಾನ್ಸನ್ ಎಂಬ ವಿದ್ವಾಂಸನು 1955ರಲ್ಲಿ ಹೊರತಂದ ಸಂಪುಟಗಳಲ್ಲಿ. ಎಂದರೆ ಆಕೆ ತೀರಿಕೊಂಡ ಅರವತ್ತೊಂಬತ್ತು ವರ್ಷಗಳ ತರುವಾಯ.

ಇದನ್ನು ಓದಿ ಮುಗಿಸಿದ ದಿನ ನಾನು ಆ ಕವನಸಂಗ್ರಹವನ್ನು ಮತ್ತೆ ತೆರೆದೆನು. ಮೊದಲು ತಪ್ಪೆಂದು ತೋರಿದ ಅಡ್ಡಗೆರೆಗಳಲ್ಲಿ ಒಂದು ಜೀವ ಯೋಚಿಸುತ್ತ ನಿಂತ ಕ್ಷಣಗಳು ಕಂಡುವು. ಕೆಂಪು ಶಾಯಿ ಹಿಡಿದವಳು ನಾನೇ ಆಗಿದ್ದೆನೆಂದು ನಾಚಿಕೆಯಾಯಿತು. ನನ್ನದೂ ಒಂದು ಕವಿತೆಯ ನೋಟುಪುಸ್ತಕವಿದೆ. ಕಳೆದ ವರ್ಷ ಪತ್ರಿಕೆಯೊಂದಕ್ಕೆ ಕಳುಹಿಸಿದ ಪದ್ಯ ಹಿಂದಿರುಗಿದಾಗ ಅದನ್ನು ಹರಿದು ಒಲೆಗೆ ಹಾಕಹೊರಟಿದ್ದೆ. ತಿರಸ್ಕೃತವಾದುದೆಲ್ಲ ಶ್ರೇಷ್ಠವೆಂದು ಈಗ ನಾನು ಭಾವಿಸಿಲ್ಲ. ನನ್ನ ಪದ್ಯದಲ್ಲಿ ದೋಷಗಳಿದ್ದುವು. ಗುರುವಚನವನ್ನು ಆಲಿಸಬೇಕು, ತಿದ್ದಿಕೊಳ್ಳಬೇಕಾದುದನ್ನು ತಿದ್ದಿಕೊಳ್ಳಬೇಕು. ಆದರೆ ನಾವು ನಿಜವಾಗಿ ಕಂಡುದನ್ನು, ಕಂಡಂತೆಯೇ ಹೇಳುವ ಹಕ್ಕನ್ನು ಮೆಚ್ಚುಗೆಗಾಗಿ ಮಾರಿಕೊಳ್ಳಬಾರದು. ಎಮಿಲಿ ಗುರುವನ್ನೂ ಗೌರವಿಸಿದಳು, ತನ್ನ ಗೆರೆಯನ್ನೂ ಉಳಿಸಿಕೊಂಡಳು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದೇ ವಿದ್ಯಾರ್ಥಿಜೀವನದ ಕಠಿಣವಾದ ಪಾಠವೆಂದು ನಾನು ತಿಳಿದಿದ್ದೇನೆ. ನೋಟುಪುಸ್ತಕ ಒಲೆಯನ್ನು ಸೇರಲಿಲ್ಲ. ಅದರ ಬಿಡಿಹಾಳೆಗಳನ್ನು ಸೂಜಿದಾರದಿಂದ ಹೊಲಿದಿಟ್ಟಿದ್ದೇನೆ.