ಮಹರ್ಷಿ ವಿಠ್ಠಲ ರಾಮಜಿ ಶಿಂದೆ

ಜಮಖಂಡಿಯು ಅಂದು ಒಂದು ಸಂಸ್ಥಾನದ ರಾಜಧಾನಿ. ಅಲ್ಲಿ 1873ನೆಯ ಏಪ್ರಿಲ್ 23ರಂದು ವಿಠ್ಠಲ ರಾಮಜಿ ಶಿಂದೆಯವರು ಜನಿಸಿದರು. ಮನೆಯಲ್ಲಿ ಮರಾಠಿ, ಊರಿನಲ್ಲಿ ಕನ್ನಡ. ಎರಡು ನುಡಿಗಳ ನಡುವೆ ಬೆಳೆದ ಅವರು ಪುಣೆಯಲ್ಲಿ ಪದವಿ ಪಡೆದು, 1901ರಲ್ಲಿ ಆಕ್ಸ್‌ಫರ್ಡಿಗೆ ತೆರಳಿ ಧರ್ಮಗಳನ್ನು ಅಭ್ಯಸಿಸಿದರು.

1903ರಲ್ಲಿ ಹಿಂದಿರುಗಿ ಪ್ರಾರ್ಥನಾ ಸಮಾಜದ ಪ್ರಚಾರಕರಾಗಿ ಸಂಚರಿಸುವಾಗ, ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಮಕ್ಕಳು ಅಕ್ಷರದಿಂದಲೂ ದೂರವಿರುವುದನ್ನು ಕಂಡರು. ಕೇವಲ ಮರುಕದಿಂದ ಶಾಲೆಗಳು ನಡೆಯವು. ಆದುದರಿಂದ ಅವರು 1901ರ ಜನಗಣತಿಯನ್ನು ಶೋಧಿಸಿ, ಇಂಥವರು ಐದು ಕೋಟಿಗೂ ಮಿಕ್ಕಿರುವರೆಂದು ಪ್ರಕಟಿಸಿದರು. ಹೊನ್ನಾವರದವರಾದ ನ್ಯಾಯಮೂರ್ತಿ ನಾರಾಯಣ ಚಂದಾವರಕರರು ಅಧ್ಯಕ್ಷರಾಗಲು ಒಪ್ಪಿದರು. 1906ರ ಅಕ್ಟೋಬರ್ 18ರಂದು ಮುಂಬಯಿಯ ಪರೇಲದಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನಿನ ಮೊದಲ ಶಾಲೆ ತೆರೆಯಿತು. ಸೋದರಿ ಜನಾಬಾಯಿಯವರೂ ಆ ಸೇವೆಗೆ ನಿಂತರು.

1912ರ ಹೊತ್ತಿಗೆ ಶಾಲೆಗಳು 23, ಮಕ್ಕಳು ಸುಮಾರು 1,100. ಇಷ್ಟು ಮಕ್ಕಳು ಓದುತ್ತಿರುವರೆಂದು ವರದಿಯಲ್ಲಿ ತೋರಿಸಿದಾಗಲೇ ದಾನಿಗಳಲ್ಲಿ ವಿಶ್ವಾಸ ಮೂಡುವುದು. ಪುಣೆಯ ಅಹಲ್ಯಾಶ್ರಮಕ್ಕೆ ಹೋಳ್ಕರ ಮಹಾರಾಜರು 20,000 ರೂಪಾಯಿಗಳನ್ನಿತ್ತರು. ಶಿಂದೆಯವರು 1944ರ ಜನವರಿ 2ರಂದು ಕಾಲವಾದರು.

ಬಾಲಕ ಬಾಲಕಿಯರೇ, ಇಂದಿಗೂ ಪ್ರಾಥಮಿಕ ಶಾಲೆಯ ಮಧ್ಯಾಹ್ನದ ಊಟಕ್ಕೆ ಮಗುವೊಂದಕ್ಕೆ 100 ಗ್ರಾಂ ಧಾನ್ಯವು ಸಂಖ್ಯೆಯನ್ನು ನೋಡಿಯೇ ಬರುತ್ತದೆ. ನಮ್ಮ ಪಿಂಪಳಗಾಂವ್ ಬಸವಂತದ ದ್ರಾಕ್ಷಿ ತೋಟಕ್ಕೂ ಈರುಳ್ಳಿ ಪೇಟೆಗೂ ದುಡಿಯಲು ಬಂದವರ ಮಗು ಹಾಜರಿ ಪುಸ್ತಕದಲ್ಲಿ ಸೇರದಿದ್ದರೆ, ಆ ಮಗುವಿನ ಪಾಲಿನ ಅನ್ನವೂ ಅಕ್ಷರವೂ ಇಲ್ಲ. ನಿಮ್ಮ ಓಣಿಯಲ್ಲಿ ಅಂಥವರಿದ್ದರೆ ಕೈಹಿಡಿದು ಶಾಲೆಗೆ ಕರೆತನ್ನಿರಿ. ಮಹರ್ಷಿಗಳಿಗೆ ಸಲ್ಲಿಸುವ ನಿಜವಾದ ಗೌರವವದು.