ಹೆಸರಿನ ಋಣ: ತ್ಯಾಗವೀರ ಶಿರಸಂಗಿ ಲಿಂಗರಾಜರು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಶರಣರ ಮನೆಗಳಲ್ಲಿ ಕೂಸು ಹುಟ್ಟಿದರೆ ಶ್ರೀಗುರುವು ದಯಮಾಡಿಸಿ ಲಿಂಗಧಾರಣೆಯನ್ನು ನೆರವೇರಿಸುವನು. ತೊಟ್ಟಿಲಿಗೆ ಹಾಕುವ ದಿನ ಮುತ್ತೈದೆಯರು ಜೋಗುಳ ಹಾಡುವರು. ಸೋದರತ್ತೆಯು ಕೂಸಿನ ಕಿವಿಯಲ್ಲಿ ‘ಕುರ್’ ಎಂದು ಹೆಸರಿಡುವಳು. ಆ ಹೆಸರು ಕೇವಲ ಕರೆಯುವುದಕ್ಕಾಗಿ ಇಟ್ಟುದಲ್ಲ. ಕುಲಬಾಂಧವರೂ ಗುರುವೂ ಆ ಜೀವವನ್ನು ತಮ್ಮದೆಂದು ಒಪ್ಪಿಕೊಂಡುದರ ಕುರುಹು ಅದು. ಹೀಗೆ ಪಡೆದ ಹೆಸರು ಒಂದು ಋಣವೂ ಅಹುದು. ಆ ಋಣವನ್ನು ತೀರಿಸುವ ಬಗೆಯನ್ನು ಇದೇ ಬೆಳಗಾವಿ ಜಿಲ್ಲೆಯ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟರು.

ಅವರು ಜನಿಸಿದುದು 1861ರಲ್ಲಿ, ಇಂದಿನ ಗದಗ ಜಿಲ್ಲೆಯ ಶಿಗ್ಲಿಯಲ್ಲಿ. ಹೆತ್ತವರು ಇಟ್ಟ ಹೆಸರು ರಾಮಪ್ಪ. ಬಾಲ್ಯದಲ್ಲಿಯೇ ಅವರನ್ನು ನವಲಗುಂದ-ಶಿರಸಂಗಿ ದೇಸಗತಿಯ ಮನೆತನದವರು ದತ್ತಕ ಪಡೆದರು. ಅಲ್ಲಿ ಅವರಿಗೆ ಲಿಂಗರಾಜನೆಂಬ ಹೊಸ ಹೆಸರು ಬಂದಿತು. ಒಂದು ತೊಟ್ಟಿಲಲ್ಲಿ ಮಲಗಿದ ಕೂಸನ್ನು ಮತ್ತೊಂದು ಮನೆಯು ಮಗನೆಂದು ಬರಮಾಡಿಕೊಂಡಿತು. ಹೆಸರಿನೊಡನೆ ಅಪಾರವಾದ ಸಿರಿಯನ್ನೂ ಅವರ ಮಡಿಲಿಗೆ ಹಾಕಿತು.

ತಾವು ಬೆವರು ಸುರಿಸಿ ಗಳಿಸದ ಆ ಸಿರಿಯನ್ನು ಲಿಂಗರಾಜರು ಭೋಗಕ್ಕೆಂದು ಬಗೆಯಲಿಲ್ಲ. ಸಮಾಜದ ಮಕ್ಕಳು ಅಕ್ಷರವಿಲ್ಲದೆ ಹಿಂದುಳಿದುದು ಅವರ ಮನಸ್ಸನ್ನು ಸದಾ ಕೊರೆಯುತ್ತಿದ್ದಿತು. 1904ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳವರ ಪ್ರೇರಣೆಯಿಂದ ಧಾರವಾಡದಲ್ಲಿ ನೆರೆದ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರಾದರು. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ಮೃತ್ಯುಪತ್ರವನ್ನು ಬರೆಯಿಸಿ, ತಮ್ಮ ಆಸ್ತಿಯನ್ನು ವಂಶಕ್ಕಾಗಿ ಕಾದಿರಿಸದೆ ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟರು. ಆಗ ಅವರಿಗೆ ಇನ್ನೂ ನಲವತ್ತೈದು ವರುಷ.

ಅವರ ಹೆಸರಿನ ನಿಧಿಯ ನೆರವಿನಿಂದ ಅಸಂಖ್ಯ ಬಡ ವಿದ್ಯಾರ್ಥಿಗಳು ಓದಿ ಮುಂದೆ ಬಂದರು. ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಮಹಾವಿದ್ಯಾಲಯಕ್ಕೂ ಲಿಂಗರಾಜರ ಹೆಸರೇ ಬಂದಿತು. ದತ್ತಕನಾಗಿ ಬಂದವರು ಸಾವಿರಾರು ಮಕ್ಕಳನ್ನು ತಾವೇ ದತ್ತಕ ಪಡೆದಂತಾಯಿತು.

ಶರಣರು ಬೋಧಿಸಿದ ದಾಸೋಹದ ತಿರುಳು ಇದೇ ಅಲ್ಲವೆ? ಬಂದುದೆಲ್ಲವೂ ಶಿವನ ಸೊತ್ತು. ಅದನ್ನು ಶಿವನ ಮಕ್ಕಳಿಗೆ ಸಲ್ಲಿಸುವುದೇ ಭಕ್ತನ ಕರ್ತವ್ಯ. ಆದುದರಿಂದ ಸದ್ಭಕ್ತರು ತಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಿದ ದಿನ ಊಟ-ಉಡುಗೊರೆಗಳ ಸಂಭ್ರಮದೊಡನೆ ನೆರೆಯ ಬಡ ಕೂಸೊಂದರ ಓದಿಗೆ ಕಿಂಚಿತ್ತನ್ನಾದರೂ ತೆಗೆದಿರಿಸಲಿ. ಆಗ ಕೂಸಿನ ಕಿವಿಯಲ್ಲಿ ಕರೆದ ಹೆಸರು ಸಾರ್ಥಕವಾದೀತು.